ಪ್ಲೇಟಿಂಗ್ ಸ್ಲಡ್ಜ್‌ನ ಕ್ರೋಮಿಯಂ ಸ್ಲ್ಯಾಗಲ್ಲಿ ಕಟ್ಟಿಹಾಕಿದ್ದು: ನನ್ನ ಅನುಭವ

ಬೆಂಗಳೂರಿನ ಪೀಣ್ಯ ಕಡೆ, ಲೋಹಕ್ಕೆ ಇನ್ನೊಂದು ಲೋಹದ ಲೇಪನ ಕೊಡೋ ಪ್ಲೇಟಿಂಗ್ ಶೆಡ್‌ಗಳಲ್ಲಿ ಉಳಿಯೋ ಸ್ಲಡ್ಜ್ ಇದ್ಯಲ್ಲ, ಕ್ರೋಮಿಯಂ, ನಿಕ್ಕಲ್, ಜಿಂಕ್ ಎಲ್ಲಾ ಸೇರ್ಕೊಂಡಿರೋ ಕೆಸರು, ಅದನ್ನ ಮಾಮೂಲಿ ಸಿಮೆಂಟಿಗೆ ಕಲಸಿದ್ರೆ ಜಿಂಕ್ ಬೇಗ ಸೆಟ್ ಆಗೋಕೇ ಬಿಡಲ್ಲ. ಅದಕ್ಕೇ ಲ್ಯಾಬಲ್ಲಿ ನಾವು ರಾಯಚೂರು ಥರ್ಮಲ್‌ನ ಫ್ಲೈ ಆಶ್ (ಕಲ್ಲಿದ್ದಲು ಉರಿದ ಹಾರುಬೂದಿ), ತೋರಣಗಲ್ಲು ಕಡೆಯ ಸ್ಲ್ಯಾಗ್ ಪುಡಿ (ಕಬ್ಬಿಣದ ಕುಲುಮೆಯಲ್ಲಿ ಉಳಿಯೋ ಕಿಟ್ಟದ ಪುಡಿ), ಅದೇ ಜಿಜಿಬಿಎಸ್, ಇವೆರಡಕ್ಕೆ ಸ್ಲಡ್ಜ್ ಸೇರಿಸಿ, ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟ್ ಹಾಕಿ ಕ್ಯೂಬ್ ಆಗಿ ಗಟ್ಟಿ ಮಾಡೋ ದಾರಿ ಹಿಡಿದ್ವಿ. ಬರೀ ಫ್ಲೈ ಆಶ್ ಆದ್ರೆ 60 ಡಿಗ್ರಿ ಓವನ್ ಬೇಕಾಗುತ್ತೆ, ಸ್ಲ್ಯಾಗ್ ಬಿದ್ರೆ ರೂಮಲ್ಲೇ ಗಟ್ಟಿ. ಕಾಸ್ಟಿಕ್ ದ್ರಾವಣ ಹಿಂದಿನ ದಿನಾನೇ ಮಾಡಿಡಿ, ಕಲಸಿದ ತಕ್ಷಣ ಮುಟ್ಟೋಕಾಗದಷ್ಟು ಬಿಸಿ ಇರುತ್ತೆ.

ಅಸಲಿ ಕಾಟ ಕ್ರೋಮಿಯಂದು. ಕ್ರೋಮಿಯಂ-3 ಸಾಧು, ಕ್ಷಾರ ಸಿಕ್ರೆ ಹೈಡ್ರಾಕ್ಸೈಡ್ ಆಗಿ ಕೂತ್ಬಿಡುತ್ತೆ. ಕ್ರೋಮಿಯಂ-6 ಹಂಗಲ್ಲ, ಕ್ರೋಮೇಟ್ ಆಗಿ ನೀರಲ್ಲೇ ಓಡಾಡ್ಕೊಂಡಿರುತ್ತೆ, ಪಿಎಚ್ ಎಷ್ಟು ಏರಿಸಿದ್ರೂ ಕೂರಲ್ಲ. ಹಂಗಾಗಿ ಕಾಸ್ಟಿಕ್ ಮುಟ್ಟೋ ಮುಂಚೆನೇ ಸ್ಲಡ್ಜ್‌ಗೆ ಫೆರಸ್ ಸಲ್ಫೇಟ್ ಹಾಕಿ ಆರನ್ನ ಮೂರಕ್ಕೆ ಇಳಿಸ್ತೀವಿ, ಆಮೇಲೆ ಹಾಕಿದ್ರೆ ಕಬ್ಬಿಣ ಗಾಳಿಗೆ ಕಂದಾಗಿ ವೇಸ್ಟ್. ಇಳಿದಿದ್ಯಾ ಅಂತ ನೋಡೋಕೆ ಸೋಸಿದ ನೀರಿಗೆ ಸ್ವಲ್ಪ ಆಸಿಡ್, ಆಮೇಲೆ ಡೈಫೀನೈಲ್‌ಕಾರ್ಬಜೈಡ್ ಹಾಕಿ, ಗುಲಾಬಿ-ನೇರಳೆ ಬಂತೋ, ಆರು ಇನ್ನೂ ಉಳಿದಿದೆ, ಮುಂದಕ್ಕೆ ಹೋಗ್ಬೇಡಿ. ಸ್ಲ್ಯಾಗಲ್ಲಿರೋ ಸಲ್ಫೈಡೂ ಇದೇ ಕೆಲಸಕ್ಕೆ ಕೈ ಸೇರಿಸುತ್ತೆ. ಕ್ಯೂಬ್ ಒಡೆದಾಗ ಒಳಗೆ ನೀಲಿ-ಹಸಿರು ಬಣ್ಣ ಕಾಣುತ್ತಲ್ಲ, ಅದು ಆ ಸಲ್ಫೈಡ್‌ದೇ, ಗಾಳಿಗಿಟ್ರೆ ಮಾಸಿಹೋಗುತ್ತೆ.

ಕ್ಯೂಬ್ ಸ್ಟ್ರೆಂತ್ ನೋಡಿ ಖುಷಿ ಪಡೋರು ಜಾಸ್ತಿ. ಲೋಹ ಹಿಡ್ಕೊಂಡಿದ್ಯಾ ಅನ್ನೋದೇ ಬೇರೆ ಪ್ರಶ್ನೆ. ತ್ಯಾಜ್ಯದಿಂದ ಲೋಹ ಎಷ್ಟು ಕರಗಿ ಹೊರಬರುತ್ತೆ ಅಂತ ನೋಡೋ ಟಿಸಿಎಲ್‌ಪಿ ಟೆಸ್ಟಿಗೆ ಕ್ಯೂಬನ್ನ 9.5 ಮಿಮೀಗಿಂತ ಸಣ್ಣಗೆ ಕುಟ್ಟಿ, ತೂಕದ 20 ಪಟ್ಟು ಅಸಿಟಿಕ್ ಆಸಿಡ್ ದ್ರಾವಣದಲ್ಲಿ ಸುಮಾರು 18 ಗಂಟೆ ತಿರುಗಿಸ್ಬೇಕು, ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮಿತಿ ಲೀಟರಿಗೆ ಕ್ರೋಮಿಯಂ 5 ಮಿಗ್ರಾಂ, ಸೀಸ 5, ಕ್ಯಾಡ್ಮಿಯಂ 1. ಆದ್ರೆ ನಮ್ ಕ್ಯೂಬಲ್ಲಿ ಕ್ಷಾರ ಎಷ್ಟಿರುತ್ತೆ ಅಂದ್ರೆ ಆ ಆಸಿಡ್ಡನ್ನೇ ನುಂಗಿ ಪಾಸ್ ಆಗ್ಬಿಡಬಹುದು, ಅದಕ್ಕೇ ಟೆಸ್ಟ್ ಮುಗಿದ ಮೇಲೆ ನೀರಿನ ಪಿಎಚ್ ಬರ್ಕೊಳ್ಳದ ರಿಪೋರ್ಟನ್ನ ನಾನು ನಂಬಲ್ಲ. ಸ್ಲಡ್ಜಲ್ಲಿ ಸೀಸ ಇದ್ರಂತೂ ಉಲ್ಟಾ, ಪಿಎಚ್ 12 ದಾಟಿದ್ರೆ ಅದು ಮತ್ತೆ ಕರಗೋಕೆ ಶುರು, ಕಾಸ್ಟಿಕ್ ಸುರಿದಷ್ಟೂ ಒಳ್ಳೇದು ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ.

ಇದ್ರಲ್ಲಿ ಪೇವರ್, ಅಂದ್ರೆ ನೆಲಕ್ಕೆ ಹಾಸೋ ಬ್ಲಾಕ್, ಮಾಡಿ ಮಾರಬಹುದಾ ಅಂತ ಕೇಳೋರಿದಾರೆ. ಈ ಸ್ಲಡ್ಜ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುತ್ತೆ, ಮಾಲಿನ್ಯ ನಿಯಂತ್ರಣ ಮಂಡಳಿ ಪರ್ಮಿಷನ್ ಇಲ್ದೆ ಹಂಗೆಲ್ಲ ಬಳಸೋಕಾಗಲ್ಲ. ನಾನಂತೂ ಬೇಡ ಅಂತೀನಿ, ಪೇವರ್ ಸವೆದು ಧೂಳಾಗುತ್ತೆ, ಮಳೆ ಗಾಳಿಗೆ ವರ್ಷ ಕಳೆದಂಗೆ ಪಿಎಚ್ ಇಳಿಯುತ್ತೆ, ಆಗ ಹಿಡಿದಿಟ್ಟ ಲೋಹ ಹೊರಗೆ ಬರಬಹುದು. ಲೈನಿಂಗ್ ಇರೋ ಲ್ಯಾಂಡ್‌ಫಿಲ್‌ಗೇ ಹೋಗ್ಲಿ.