ಪ್ಯಾಕೆಟ್ ತಿರುಗಿಸಿ ಓದಿ: ಆಹಾರದ ಅಲರ್ಜಿ ಇರುವ ಮನೆಯವರಿಗೆ

ಮನೆಯಲ್ಲಿ ಯಾರಿಗಾದರೂ, ಅದರಲ್ಲೂ ಮಕ್ಕಳಿಗೆ, ಆಹಾರದ ಅಲರ್ಜಿ ಇದ್ದರೆ ಹೊಸ ದೇಶಕ್ಕೆ ಬಂದ ಕೂಡಲೇ ಒಂದು ವಿಷಯ ತಿಳಿದುಕೊಳ್ಳಿ. ಅಲರ್ಜಿ ತರುವ ಯಾವ ಯಾವ ಪದಾರ್ಥಗಳ ಹೆಸರನ್ನು ಪ್ಯಾಕೆಟ್ ಮೇಲೆ ಬರೆಯಲೇಬೇಕು ಅನ್ನುವ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ.

ಅಮೆರಿಕದ ಪಟ್ಟಿಯಲ್ಲಿ 9 ಇವೆ: ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯಂಥವು, ಗೋಡಂಬಿ-ಬಾದಾಮಿಯಂಥವು, ಕಡಲೆಕಾಯಿ, ಗೋಧಿ, ಸೋಯಾ, ಎಳ್ಳು. ಎಳ್ಳು ಸೇರಿದ್ದು 2023ರಲ್ಲಿ. ಯುರೋಪ್ ಒಕ್ಕೂಟ ಮತ್ತು ಬ್ರಿಟನ್ನಿನಲ್ಲಿ 14 ಇವೆ. ಸಾಸಿವೆ, ಸೆಲೆರಿ (ಒಂದು ಬಗೆಯ ತರಕಾರಿ), ಲುಪಿನ್ (ಒಂದು ಬಗೆಯ ಕಾಳು) ಕೂಡ ಅಲ್ಲಿ ಸೇರುತ್ತವೆ.

ಸಾಸಿವೆ ಅಲರ್ಜಿ ಇದ್ದವರು ಇಲ್ಲಿ ಸ್ವಲ್ಪ ನಿಂತು ಓದಿ. ಯುರೋಪಿನಲ್ಲೂ ಕೆನಡಾದಲ್ಲೂ ಸಾಸಿವೆಯ ಹೆಸರು ಬರಲೇಬೇಕು. ಅಮೆರಿಕದಲ್ಲಿ ಹಾಗಿಲ್ಲ. ‘ಸ್ಪೈಸಸ್’ (ಮಸಾಲೆ) ಎಂಬ ಒಂದೇ ಪದದೊಳಗೆ ಅದು ಇರಬಹುದು. ಅನುಮಾನ ಬಂದರೆ ತಯಾರಕರನ್ನೇ ಕೇಳಿ. ಉತ್ತರ ಬರುವ ತನಕ ಮಗುವಿಗೆ ಕೊಡಬೇಡಿ.

ಪ್ಯಾಕೆಟ್‌ನ ಮುಂಭಾಗ ನಂಬಿ ಕೊಳ್ಳಬೇಡಿ. ‘ನಾನ್-ಡೇರಿ’ (ಹಾಲಿನದಲ್ಲ) ಎಂದು ದೊಡ್ಡದಾಗಿ ಬರೆದ ಕಾಫಿ ಕ್ರೀಮರ್, ಅಂದರೆ ಕಾಫಿಗೆ ಹಾಲಿನ ಬದಲು ಹಾಕುವ ಪದಾರ್ಥ, ತಿರುಗಿಸಿ ನೋಡಿದರೆ ‘ಸೋಡಿಯಂ ಕೇಸಿನೇಟ್’ ಕಾಣಿಸಬಹುದು. ಅದು ಹಾಲಿನದೇ ಪ್ರೋಟೀನು. ‘ವೇ’ ಅಂದರೂ ಹಾಲೇ, ‘ತಾಹಿನಿ’ ಅಂದರೆ ಎಳ್ಳು. ‘ಲ್ಯಾಕ್ಟೋಸ್-ಫ್ರೀ’ ಹಾಲಿನಲ್ಲಿ ಇಲ್ಲದಿರುವುದು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಮಾತ್ರ. ಅಲರ್ಜಿ ತರುವ ಪ್ರೋಟೀನು ಹಾಗೇ ಇರುತ್ತದೆ.

‘ಮೇ ಕಂಟೇನ್’ (ಇಂಥ ಪದಾರ್ಥ ಇರಬಹುದು) ಎಂಬ ಎಚ್ಚರಿಕೆಯ ಸಾಲು ಎಷ್ಟೋ ದೇಶಗಳಲ್ಲಿ ಕಡ್ಡಾಯವಲ್ಲ. ಹಾಗಾಗಿ ಅದು ಇಲ್ಲ ಅಂದಮಾತ್ರಕ್ಕೆ ಅಪಾಯವೇ ಇಲ್ಲ ಅಂತ ಅಲ್ಲ. ಇದ್ದರಂತೂ, ಅಲರ್ಜಿ ಜೋರಾಗಿರುವ ಮನೆಯವರು ಆ ಪ್ಯಾಕೆಟ್ ಬಿಟ್ಟುಬಿಡುವುದೇ ಒಳ್ಳೆಯದು ಅನ್ನುವುದು ನಮ್ಮ ಅಭಿಪ್ರಾಯ. ಹಳೇ ಬ್ರ್ಯಾಂಡೇ ಅಲ್ವಾ ಅಂತ ಓದದೆ ತರಬೇಡಿ. ದೇಶ ಬದಲಾದರೆ ಅದೇ ಹೆಸರಿನ ತಿಂಡಿಯಲ್ಲಿ ಹಾಕುವ ಪದಾರ್ಥವೂ ಬದಲಾಗಬಹುದು.

ಶಾಲೆಗೆ ಅಲರ್ಜಿಯ ವಿವರವನ್ನು ಬರಹದಲ್ಲೇ ಕೊಡಿ. ಜೋರಾದ ಅಲರ್ಜಿಗೆ ತುರ್ತಾಗಿ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಅನ್ನು ಡಾಕ್ಟರು ಬರೆದುಕೊಟ್ಟಿದ್ದರೆ ಅದು ಸದಾ ಮಗುವಿನ ಹತ್ತಿರವೇ ಇರಲಿ. ಉಸಿರಾಟಕ್ಕೆ ಕಷ್ಟವಾದರೆ, ನಾಲಿಗೆ ಅಥವಾ ಗಂಟಲು ಊದಿಕೊಂಡರೆ ಮೊದಲು ಆ ಇಂಜೆಕ್ಷನ್ ಕೊಡಿ, ಕೂಡಲೇ ಆಂಬುಲೆನ್ಸ್ ಕರೆಯಿರಿ. ಬರೀ ಅಲರ್ಜಿ ಮಾತ್ರೆ ಕೊಟ್ಟು ಕಾಯಬೇಡಿ, ಅದು ಇದನ್ನು ತಡೆಯುವುದಿಲ್ಲ. ಇಂಜೆಕ್ಷನ್ ಆದ ಮೇಲೆ ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಗಂಟೆಗಳ ನಂತರ ಅದೇ ತೊಂದರೆ ಮರಳಿ ಬರುವುದುಂಟು.