ತೆರೆದ ಡಕ್ಟ್ ತೂಗುಹಾಕುವ ಮೊದಲು ದಾರ ಕಟ್ಟಿ

ಫಾಲ್ಸ್ ಸೀಲಿಂಗ್ ಇಲ್ಲದ ಕಚೇರಿಗಳಲ್ಲಿ ದುಂಡನೆಯ ಎಸಿ ಡಕ್ಟ್ (ಗಾಳಿ ಸಾಗಿಸುವ ಕೊಳವೆ) ತೂಗುಹಾಕುವವರಿಗೆ ಒಂದು ಮಾತು. ರಾಡು, ಆಂಗಲ್ ಬದಲು ತೆಳುವಾದ ಉಕ್ಕಿನ ಹಗ್ಗ ಬಳಸಿದರೆ ನೋಟಕ್ಕೆ ಹಗುರ. ಆದರೆ ಮೊದಲು ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ, ಹಗ್ಗವನ್ನು ಚಾವಣಿಗೆ ಸಿಕ್ಕಿಸುವ ಆಂಕರ್‌ಗಳ ರಂಧ್ರಗಳನ್ನು ಅದೇ ಗೆರೆಯಲ್ಲಿ ಕೊರೆಯಿರಿ. ಸಾಲು ಅರ್ಧ ಇಂಚು ಸರಿದರೂ ಕೆಳಗಿನಿಂದ ಎದ್ದು ಕಾಣುತ್ತದೆ, ಆಮೇಲೆ ಸರಿಪಡಿಸುವುದು ಕಷ್ಟ.

ಹಗ್ಗವನ್ನು ಹರಿತವಾದ ಕಟರ್‌ನಿಂದ ಒಂದೇ ಸಲಕ್ಕೆ ಕತ್ತರಿಸಿ; ಎಳೆ ಬಿಚ್ಚಿಕೊಂಡ ತುದಿ ಹಗ್ಗವನ್ನು ಬಿಗಿಹಿಡಿಯುವ ಲಾಕ್‌ನೊಳಗೆ ಹೋಗುವುದಿಲ್ಲ. ಲಾಕ್‌ಗೆ ಎಣ್ಣೆ ಮಾತ್ರ ಹಾಕಲೇಬೇಡಿ, ಹಿಡಿತ ಜಾರುತ್ತದೆ. ಹಗ್ಗ ಆದಷ್ಟು ನೇರವಾಗಿ ಇಳಿಯಲಿ: ಲಂಬದಿಂದ 60 ಡಿಗ್ರಿ ವಾಲಿದರೆ ಅದರ ಮೇಲಿನ ಎಳೆತ ಎರಡು ಪಟ್ಟಾಗುತ್ತದೆ. ಮಟ್ಟ ನೋಡಿದ ಮೇಲೆ ಹಗ್ಗದ ತುದಿಯಲ್ಲಿ ಒಂದು ಗೇಣು ಉಳಿಸಿ, ಮುಂದೆ ಹೊಂದಿಸಲು ಬೇಕಾಗುತ್ತದೆ. ತಿರುವುಗಳ ಹತ್ತಿರ ಬೇರೆಯೇ ಆಧಾರ ಕೊಡಿ.