ಟ್ರೇಲ್‌ನಲ್ಲಿ ಎಲೆಕ್ಟ್ರಿಕ್ ಡರ್ಟ್ ಬೈಕ್: ಬ್ಯಾಟರಿ ಎಲ್ಲಿವರೆಗೆ ಬರುತ್ತೆ?

ಸ್ಟಾರ್ಕ್ ವಾರ್ಗ್ ಎಂಬ ಎಲೆಕ್ಟ್ರಿಕ್ ಮೋಟೋಕ್ರಾಸ್ ಬೈಕ್ ಮೊದಲು ಬಂದಾಗ ಅದರ ಬ್ಯಾಟರಿ 6 ಕಿಲೋವಾಟ್-ಅವರ್ ಇತ್ತು. ಕಂಪನಿಯೇ ಕೊಟ್ಟ ಲೆಕ್ಕದಂತೆ, ಆರಾಮಾಗಿ ಟ್ರೇಲ್ ಓಡಿಸಿದರೆ 6 ಗಂಟೆಯವರೆಗೆ ಬರುತ್ತದೆ, ರೇಸ್ ಓಡಿಸಿದರೆ ಒಂದು ಹೀಟ್ ಮುಗಿಸಿಕೊಡುತ್ತದೆ. ಹೀಟ್ ಎಂದರೆ ಅರ್ಧ ಗಂಟೆ ಚಿಲ್ಲರೆ. ಗಾಡಿ ಅದೇ, ಬ್ಯಾಟರಿ ಅದೇ, ವ್ಯತ್ಯಾಸ ಮಾತ್ರ ಹತ್ತು ಪಟ್ಟು.

ಹಾಗಾಗಿ "ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಕೊಡುತ್ತೆ?" ಎಂದು ಕೇಳಿದರೆ ಟ್ರೇಲ್‌ನಲ್ಲಿ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2025ರ ಮಾರ್ಚ್‌ನಲ್ಲಿ ತೋರಿಸಿದ ಶಾಕ್‌ವೇವ್ ಬೈಕನ್ನೇ ನೋಡಿ. ಬ್ಯಾಟರಿ 4 ಕಿಲೋವಾಟ್-ಅವರ್, ಐಡಿಸಿ (ಭಾರತದ ಪ್ರಮಾಣಿತ ಪರೀಕ್ಷೆ) ರೇಂಜ್ 165 ಕಿ.ಮೀ. ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 24 ವಾಟ್-ಅವರ್ ಬರುತ್ತದೆ. ಪರೀಕ್ಷೆಯ ಲೆಕ್ಕಕ್ಕೆ ಅದು ಸರಿ. ಕಲ್ಲು, ಏರು, ಕೆಸರಿನ ಹಾದಿಯಲ್ಲಿ ಕಿಲೋಮೀಟರಿಗೆ 45ರಿಂದ 60 ಹೋದರೆ ಅದೇ ಬ್ಯಾಟರಿ 65–90 ಕಿ.ಮೀ. ಓಡುತ್ತದೆ. ಕಂಪನಿ ಸುಳ್ಳು ಹೇಳಿದೆ ಅಂತಲ್ಲ, ನೀವು ಹೋಗುತ್ತಿರುವುದು ಬೇರೆ ಹಾದಿ. ಕಿಲೋಮೀಟರ್ ಬಿಟ್ಟು ವಾಟ್-ಅವರ್‌ನಲ್ಲಿ ಯೋಚಿಸುವುದನ್ನು ರೂಢಿ ಮಾಡಿಕೊಂಡರೆ ಉಳಿದದ್ದೆಲ್ಲ ಕೂಡು-ಕಳೆ ಲೆಕ್ಕ.

ಬ್ಯಾಟರಿಯಲ್ಲಿ ಎಷ್ಟಿದೆ

ವೋಲ್ಟನ್ನು ಆಂಪ್-ಅವರ್‌ನಿಂದ ಗುಣಿಸಿ. ಸರ್-ರಾನ್ ಲೈಟ್ ಬೀಯಂಥ ಸಣ್ಣ ಗಾಡಿಯಲ್ಲಿ 60 ವೋಲ್ಟ್, 40 ಆಂಪ್-ಅವರ್ ಪ್ಯಾಕ್ ಇದ್ದರೆ 2,400 ವಾಟ್-ಅವರ್. ಅದರಲ್ಲಿ ಕೊನೆಯ ಶೇಕಡಾ 15 ಭಾಗವನ್ನು ಇಲ್ಲವೆಂದೇ ತಿಳಿಯಿರಿ. ಅಷ್ಟು ಕೆಳಗೆ ಇಳಿದ ಮೇಲೆ ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಸೆಲ್‌ಗಳಿಗೂ ಪೆಟ್ಟು. ಲೆಕ್ಕಕ್ಕೆ ಸಿಗುವುದು 2,040. ಮೂರ್ನಾಲ್ಕು ವರ್ಷ ಚೆನ್ನಾಗಿ ದುಡಿದ ಪ್ಯಾಕ್ ಆದರೆ ಇನ್ನೂ ಶೇಕಡಾ 10–20 ಭಾಗ ಕಳೆಯಿರಿ.

ಡಿಸ್‌ಪ್ಲೇಯ ಶೇಕಡಾವನ್ನು ಪೂರ್ತಿ ನಂಬಬೇಡಿ. ಬಹಳಷ್ಟು ಗಾಡಿಗಳಲ್ಲಿ ಅದು ವೋಲ್ಟೇಜ್ ನೋಡಿ ಊಹಿಸಿದ ಅಂಕಿ. ಏರು ಹತ್ತುವಾಗ ಥಟ್ಟನೆ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ. ವೋಲ್ಟೇಜ್ ಕಾಣುವ ಹಾಗಿದ್ದರೆ ಗಾಡಿ ನಿಲ್ಲಿಸಿ, ಎರಡು ನಿಮಿಷ ಬಿಟ್ಟು ನೋಡಿ. ಸರಣಿಯಲ್ಲಿ 16 ಸೆಲ್ ಇರುವ 60 ವೋಲ್ಟ್ ಪ್ಯಾಕ್ (ಚಾರ್ಜರ್ ಮೇಲೆ 67.2 ವೋಲ್ಟ್ ಎಂದು ಬರೆದಿರುತ್ತದೆ) ತುಂಬಿದಾಗ 67 ದಾಟಿರುತ್ತದೆ. 59ರ ಆಸುಪಾಸಿಗೆ ಬಂದರೆ ಅರ್ಧ ಮುಗಿದಿದೆ. ನಿಂತಾಗಲೂ 56 ತೋರಿಸಿದರೆ ಇನ್ನು ಏರು ಹತ್ತುವ ಯೋಚನೆ ಬಿಡಿ. 48ರ ಹತ್ತಿರ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ತಾನೇ ಕರೆಂಟ್ ಕಡಿದು ಹಾಕುತ್ತದೆ.

ನಿಮ್ಮ ಗಾಡಿ, ನಿಮ್ಮ ಕೈ: ಅಳೆದು ನೋಡುವುದು

ಬೇರೆಯವರ ರೇಂಜ್ ನಿಮಗೆ ಹೊಂದುವುದಿಲ್ಲ. 60 ಕಿಲೋ ಹುಡುಗ ಓಡಿಸಿದ್ದಕ್ಕೂ 90 ಕಿಲೋ ಆಸಾಮಿ ಓಡಿಸಿದ್ದಕ್ಕೂ ತಾಳೆಯಾಗದು. ಒಂದು ಬೆಳಿಗ್ಗೆ ಇದಕ್ಕಾಗಿ ಇಟ್ಟುಕೊಳ್ಳಿ.

1. ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ತೆಗೆದು ಅರ್ಧ ಗಂಟೆ ಬಿಡಿ.
2. ಮನೆಯ ಹತ್ತಿರವೇ 10 ಕಿ.ಮೀ.ನ ಒಂದು ಸುತ್ತು ಹುಡುಕಿ. ಹೊರಟಲ್ಲಿಗೇ ವಾಪಸ್ ಬರಬೇಕು. ನೀವು ಸಾಮಾನ್ಯವಾಗಿ ಓಡಿಸುವಂಥ ನೆಲವೇ ಇರಲಿ.
3. ಫೋನಿನ ಜಿಪಿಎಸ್ ಆ್ಯಪ್‌ನಲ್ಲಿ ದೂರದ ಜತೆಗೆ ಒಟ್ಟು ಎಷ್ಟು ಮೀಟರ್ ಏರಿದಿರಿ ಎಂಬುದನ್ನೂ ದಾಖಲಿಸಿ.
4. ಬಂದ ಮೇಲೆ ಬ್ಯಾಟರಿ ತಣ್ಣಗಾಗಲು ಬಿಟ್ಟು, ಸಾಕೆಟ್ ಮತ್ತು ಚಾರ್ಜರ್ ನಡುವೆ ಪ್ಲಗ್-ಇನ್ ಎನರ್ಜಿ ಮೀಟರ್ ಹಾಕಿ ಪೂರ್ತಿ ಚಾರ್ಜ್ ಮಾಡಿ. ಮನೆಯ ಮೀಟರ್ ನೋಡಬೇಡಿ, ಮಧ್ಯೆ ಫ್ರಿಜ್ ಓಡಿ ಲೆಕ್ಕ ಕೆಡುತ್ತದೆ.
5. ಗೋಡೆಯಿಂದ ಬಂದದ್ದನ್ನು 0.85ರಿಂದ ಗುಣಿಸಿ. ಉಳಿದದ್ದು ಚಾರ್ಜರ್ ಬಿಸಿಯಾಗಿ ಹೋದ ಪಾಲು.

0.60 ಯೂನಿಟ್, ಅಂದರೆ 600 ವಾಟ್-ಅವರ್ ತೋರಿಸಿತು ಅಂದುಕೊಳ್ಳಿ. ಬ್ಯಾಟರಿಯಿಂದ ಹೋದದ್ದು ಸುಮಾರು 510 ವಾಟ್-ಅವರ್. ಈಗ ಇದರಲ್ಲಿ ಏರಿನ ಪಾಲನ್ನು ಬೇರೆ ಮಾಡಬೇಕು, ಯಾಕೆಂದರೆ ಮುಂದಿನ ಹಾದಿಯ ಏರು ಇಷ್ಟೇ ಇರುವುದಿಲ್ಲ.

ಏರಿನ ಸೂತ್ರ ಸುಲಭ. ಗಾಡಿ, ಸವಾರ, ಬ್ಯಾಗು ಎಲ್ಲ ಸೇರಿದ ತೂಕ ಕಿಲೋದಲ್ಲಿ, ಏರಿದ ಎತ್ತರ ಮೀಟರ್‌ನಲ್ಲಿ. ಎರಡನ್ನೂ ಗುಣಿಸಿ 0.0035ರಿಂದ ಮತ್ತೆ ಗುಣಿಸಿ. ಮೋಟಾರು, ಕಂಟ್ರೋಲರ್, ಚೈನ್‌ಗಳಲ್ಲಿ ಸೋರಿಹೋಗುವ ಪಾಲೂ ಇದರಲ್ಲೇ ಸೇರಿದೆ. 140 ಕಿಲೋ ಒಟ್ಟು ತೂಕಕ್ಕೆ 100 ಮೀಟರ್ ಏರು ಎಂದರೆ 49, ಅಂದರೆ 50 ವಾಟ್-ಅವರ್ ಎಂದಿಟ್ಟುಕೊಳ್ಳಿ. 120 ಕಿಲೋ ಗಾಡಿಯ ಮೇಲೆ 85 ಕಿಲೋ ಹೊರೆ ಇದ್ದರೆ ಅದೇ 100 ಮೀಟರಿಗೆ 72.

ನಿಮ್ಮ ಸುತ್ತಿನಲ್ಲಿ 200 ಮೀಟರ್ ಏರು ಇತ್ತು ಎನ್ನೋಣ. 510ರಲ್ಲಿ 100 ಕಳೆದರೆ 410 ಉಳಿಯಿತು, ಕಿಲೋಮೀಟರಿಗೆ 41. ಈ 41 ನಿಮ್ಮ ಸ್ವಂತ ಅಂಕಿ. ಗಾಡಿಯ ಟ್ಯಾಂಕಿನ ಮೇಲೆ, ಅಂದರೆ ಟ್ಯಾಂಕ್ ಇರಬೇಕಿದ್ದ ಜಾಗದಲ್ಲಿ, ಟೇಪ್ ಅಂಟಿಸಿ ಬರೆದಿಡಿ.

ಹಾದಿಯ ಲೆಕ್ಕ

ಸಕಲೇಶಪುರದ ಕಡೆ ತೋಟದ ಜೀಪ್ ದಾರಿಗಳಲ್ಲಿ 28 ಕಿ.ಮೀ. ಸುತ್ತು, ಒಟ್ಟು ಏರು 700 ಮೀಟರ್ ಎಂದುಕೊಳ್ಳಿ. 28 × 41 ಅಂದರೆ 1,148. ಏರಿಗೆ 350. ಒಟ್ಟು ಸುಮಾರು 1,500. ನಮ್ಮಲ್ಲಿರುವುದು 2,040, ಧಾರಾಳವಾಯಿತು.

ರಾತ್ರಿ ಮಳೆ ಬಂತು. ಕೆಂಪು ಮಣ್ಣು ನೆನೆದು ಟೈರಿಗೆ ಮೆತ್ತಿಕೊಂಡರೆ ಉರುಳುವ ಖರ್ಚು ಮೂರನೇ ಒಂದರಷ್ಟು ಏರುವುದು ಮಾಮೂಲು. 1,148 ಈಗ 1,500 ಆಯಿತು, ಏರು ಸೇರಿಸಿದರೆ 1,850. ಕೈಯಲ್ಲಿ ಉಳಿಯುವುದು 200ಕ್ಕೂ ಕಡಿಮೆ. ಒಂದು ದಾರಿ ತಪ್ಪಿದರೆ, ಒಂದು ಬಿದ್ದ ಮರ ಸುತ್ತಿ ಹೋದರೆ ಅದೂ ಖಾಲಿ. ಬೇಸಿಗೆಯಲ್ಲಿ ಸಲೀಸಾಗಿ ಮುಗಿದ ಸುತ್ತು ಜೂನ್‌ನಲ್ಲಿ ಕೈಕೊಡುವುದು ಹೀಗೆ. ಹೊಳೆದಂಡೆಯ ಸಡಿಲ ಮರಳು ಇನ್ನೂ ಕೆಟ್ಟದ್ದು. ಗಟ್ಟಿ ಮಣ್ಣಿನ ಎರಡು ಮೂರು ಪಟ್ಟು ತಿನ್ನುತ್ತದೆ, ಒಂದು ಕಿಲೋಮೀಟರ್ ಮರಳು ಇದ್ದರೆ ಮೂರು ಎಂದು ಎಣಿಸಿ.

ವಾಪಸ್ ತಿರುಗುವ ಜಾಗವನ್ನು ಮನೆಯಲ್ಲೇ ತೀರ್ಮಾನಿಸಿ. ಹೋಗುವಾಗ ಏರು, ಬರುವಾಗ ಇಳಿಜಾರು ಆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಖರ್ಚು ಮಾಡಿ ತಿರುಗಬಹುದು. ತೋಟದ ಬಂಗಲೆಯಿಂದ ಹೊಳೆಗೆ ಇಳಿಯುವಂಥ ಹಾದಿಯಲ್ಲಿ ಇದು ತಲೆಕೆಳಗು. ಇಳಿಯುವಾಗ ಬ್ಯಾಟರಿ ಕರಗುವುದೇ ಇಲ್ಲ, ಡಿಸ್‌ಪ್ಲೇ 80 ತೋರಿಸುತ್ತಿರುತ್ತದೆ, ಇನ್ನಷ್ಟು ಮುಂದೆ ಹೋಗೋಣ ಅನ್ನಿಸುತ್ತದೆ. ಅಲ್ಲೇ ಎಡವುವುದು. ಇಳಿದ ಪ್ರತಿ 100 ಮೀಟರಿಗೂ 50 ವಾಟ್-ಅವರ್ ಸಾಲ ಏರಿದೆ.

ಸಾಧ್ಯವಾದರೆ ಹಾದಿಯನ್ನು ಎಂಟರ ಆಕಾರದಲ್ಲಿ ಹಾಕಿ, ನಡುವೆ ಜೀಪು ಅಥವಾ ಹೋಮ್‌ಸ್ಟೇ ಇರಲಿ. ಎರಡನೇ ಬ್ಯಾಟರಿ, ನೀರು, ಪಂಪು ಅಲ್ಲಿರಲಿ. ಹತ್ತು ಕಿಲೋ ದಾಟುವ ಪ್ಯಾಕನ್ನು ಬೆನ್ನಿಗೆ ಹಾಕಿಕೊಂಡು ಓಡಿಸಬೇಡಿ, ಬಿದ್ದರೆ ಬೆನ್ನೂ ಹೋಯಿತು, ಪ್ಯಾಕೂ ಹೋಯಿತು. ಮೀಸಲು ಅರಣ್ಯ ಎಂಬ ಬೋರ್ಡ್ ಇದ್ದಲ್ಲಿ ಅನುಮತಿ ಇಲ್ಲದೆ ನುಗ್ಗಬೇಡಿ. ಸದ್ದು ಬರುವುದಿಲ್ಲ ಎಂದ ಮಾತ್ರಕ್ಕೆ ಕಾನೂನು ಬೇರೆಯಾಗುವುದಿಲ್ಲ. ತೋಟ ಯಾರದೋ ಅವರನ್ನು ಕೇಳಿ. ಹಾಗೆ ಕೇಳಿದವರಿಗೆ ಪ್ಲಗ್ ಪಾಯಿಂಟ್ ಕೂಡ ಸಿಗುತ್ತದೆ. 10 ಆಂಪ್‌ನ 60 ವೋಲ್ಟ್ ಚಾರ್ಜರ್ ಗೋಡೆಯಿಂದ ಎಳೆಯುವುದು 800 ವಾಟ್‌ನ ಒಳಗೆ, ಸಾಮಾನ್ಯ 5 ಆಂಪ್ ಸಾಕೆಟ್ ಸಾಕು. ಊಟ ಮುಗಿಸಿ ಎಲೆ ಅಡಿಕೆ ಹಾಕುವ ಹೊತ್ತಿಗೆ, ಅಂದರೆ ಒಂದು ಗಂಟೆಗೆ, 600 ವಾಟ್-ಅವರ್ ಸೇರಿರುತ್ತದೆ. ಮೇಲಿನ ಅಂಕಿಯಲ್ಲಿ ಅದು 12–14 ಕಿ.ಮೀ.

ಚಾರ್ಜ್ ಎಲ್ಲಿ ಸೋರುತ್ತದೆ

ಬಲಗೈಯಲ್ಲಿ. ಉಳಿದವೆಲ್ಲ ಆಮೇಲೆ.

140 ಕಿಲೋ ತೂಕವನ್ನು ನಿಂತಲ್ಲಿಂದ 40 ಕಿ.ಮೀ. ವೇಗಕ್ಕೆ ತರಲು 3 ವಾಟ್-ಅವರ್ ಬೇಕು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದಿರಿ, ಅದು ಡಿಸ್ಕಿನಲ್ಲಿ ಬಿಸಿಯಾಗಿ ಹೋಯಿತು. ಕಿಲೋಮೀಟರಿಗೆ ಹತ್ತು ತಿರುವು ಇರುವ ಹಾದಿಯಲ್ಲಿ ಪ್ರತಿ ಸಲ ಹೀಗೆ ಎಳೆದು ಹಿಡಿದರೆ 30 ವಾಟ್-ಅವರ್ ಬರೀ ಬ್ರೇಕಿಗೆ ಕೊಟ್ಟಂತೆ. ಅದೇ ಹಾದಿಯಲ್ಲಿ 25ಕ್ಕೆ ಏರಿಸಿ, ತಿರುವಿಗೆ ಮುಂಚೆಯೇ ಆಕ್ಸಿಲರೇಟರ್ ಬಿಟ್ಟು ಹೊರಳಿಸಿಕೊಂಡು ಹೋದರೆ ಅದರ ಅರ್ಧವೂ ಆಗುವುದಿಲ್ಲ. ಆಶ್ಚರ್ಯವೆಂದರೆ ಸುತ್ತಿನ ಒಟ್ಟು ಸಮಯದಲ್ಲಿ ಅಷ್ಟೇನೂ ವ್ಯತ್ಯಾಸ ಬರುವುದಿಲ್ಲ.

ಚಕ್ರ ಜಾರುವುದು ಎರಡನೆಯದು. ಗಾಡಿ 10ರ ವೇಗದಲ್ಲಿ ಹೋಗುತ್ತಿದ್ದು ಹಿಂದಿನ ಚಕ್ರ 20ರಲ್ಲಿ ತಿರುಗುತ್ತಿದ್ದರೆ ಚಕ್ರಕ್ಕೆ ಹೋದ ಶಕ್ತಿಯಲ್ಲಿ ಅರ್ಧ ಮಣ್ಣು ಎರಚಲು ಹೋಗಿದೆ. ಪೆಟ್ರೋಲ್ ಗಾಡಿಯಲ್ಲಿ ಸದ್ದು ಎಚ್ಚರಿಸುತ್ತದೆ, ಇಲ್ಲಿ ಅದಿಲ್ಲ. ಹಿಂದೆ ಮಣ್ಣು ಹಾರುತ್ತಿದೆಯೇ ಎಂದು ಜತೆಗಾರರನ್ನು ನೋಡಲು ಹೇಳಿ. ಏರಿನಲ್ಲಿ ಸೀಟಿನ ಮೇಲೆ ಸ್ವಲ್ಪ ಹಿಂದೆ ಸರಿದು ಹಿಂಚಕ್ರಕ್ಕೆ ಭಾರ ಕೊಟ್ಟು, ಆಕ್ಸಿಲರೇಟರ್ ಅರ್ಧಕ್ಕೆ ಇಳಿಸಿದರೆ ಹಿಡಿತ ವಾಪಸ್ ಬರುತ್ತದೆ.

ಕರೆಂಟ್ ಜಾಸ್ತಿ ಎಳೆದಷ್ಟೂ ಬ್ಯಾಟರಿ ಒಳಗೇ ಪೋಲು. ಪ್ಯಾಕಿನ ಒಳಗಿನ ರೋಧ 60 ಮಿಲಿಓಮ್ ಇದ್ದರೆ, 30 ಆಂಪ್ ಎಳೆದಾಗ 54 ವಾಟ್ ಬಿಸಿಯಾಗಿ ಹೋಗುತ್ತದೆ, 100 ಆಂಪ್ ಎಳೆದಾಗ 600 ವಾಟ್. ಒಂದು ಇಸ್ತ್ರಿಪೆಟ್ಟಿಗೆಯನ್ನು ಬ್ಯಾಟರಿಯೊಳಗೆ ಹೊತ್ತಿಸಿದ ಹಾಗೆ. ಅದೇ ಹೊತ್ತಿಗೆ ವೋಲ್ಟೇಜ್ 6 ಕುಸಿಯುತ್ತದೆ, ಅರ್ಧ ಖಾಲಿಯಾದ ಪ್ಯಾಕ್ ಬೇಗ ಕೈಚೆಲ್ಲುತ್ತದೆ. ಈಕೋ ಮೋಡ್ ಚಾರ್ಜ್ ಉಳಿಸುವುದು ಕರೆಂಟಿಗೆ ಮಿತಿ ಹಾಕುವುದರಿಂದಲೇ. ಹಾಗೆಯೇ, ಕಲ್ಲಿಗೆ ಚಕ್ರ ಸಿಕ್ಕಿಕೊಂಡು ಗಾಡಿ ಕದಲದಿದ್ದಾಗ ಆಕ್ಸಿಲರೇಟರ್ ಹಿಡಿದುಕೊಂಡೇ ಇರಬೇಡಿ. ಮೋಟಾರು ತಿರುಗದೆ ಕರೆಂಟ್ ಕುಡಿದರೆ ಅಷ್ಟೂ ಶಾಖವೇ. ಏರಿನಲ್ಲಿ ನಿಲ್ಲಲು ಬ್ರೇಕ್ ಇದೆ.

ಕಡಿದಾದ, ನಿಧಾನದ ಹಾದಿಗಳೇ ಹೆಚ್ಚಾದರೆ ಹಿಂದಿನ ಸ್ಪ್ರಾಕೆಟ್ ಬದಲಿಸಿ. ಲೈಟ್ ಬೀಯ 48 ಹಲ್ಲಿನದನ್ನು ತೆಗೆದು 54 ಹಾಕಿದರೆ ಟಾಪ್ ಸ್ಪೀಡ್ ಒಂಬತ್ತನೇ ಒಂದರಷ್ಟು ಇಳಿಯುತ್ತದೆ, ಅಷ್ಟೇ ಏರನ್ನು ಮೋಟಾರು ಕಡಿಮೆ ಕರೆಂಟಿನಲ್ಲಿ ಹತ್ತುತ್ತದೆ. ಚೈನ್ ಉದ್ದವೂ ಹೆಚ್ಚಬೇಕಾಗುತ್ತದೆ, ಅದನ್ನು ಮರೆತು ಸ್ಪ್ರಾಕೆಟ್ ಮಾತ್ರ ತರಬೇಡಿ.

ರೀಜನ್ (ಇಳಿಯುವಾಗ, ನಿಧಾನಿಸುವಾಗ ಮೋಟಾರೇ ಕರೆಂಟ್ ಮಾಡಿ ಬ್ಯಾಟರಿಗೆ ವಾಪಸ್ ತುಂಬುವುದು) ಮೇಲೆ ಹೆಚ್ಚು ಆಸೆ ಬೇಡ. ಟ್ರೇಲ್‌ನಲ್ಲಿ ಇಳಿಯುವುದು ನಿಧಾನ, ನಿಧಾನದಲ್ಲಿ ರೀಜನ್ ದುರ್ಬಲ. ಸಡಿಲ ನೆಲದಲ್ಲಿ ಜೋರಾಗಿ ಇಟ್ಟರೆ ಹಿಂಚಕ್ರ ಎಳೆಯುತ್ತದೆ. ಗುಡ್ಡದ ಮೇಲಿನ ಮನೆಯಿಂದ ಪೂರ್ತಿ ಚಾರ್ಜ್ ಮಾಡಿಕೊಂಡು ನೇರ ಇಳಿಜಾರಿಗೆ ಹೊರಟರೆ ತುಂಬಿದ ಬ್ಯಾಟರಿ ಅದನ್ನು ತೆಗೆದುಕೊಳ್ಳುವುದೂ ಇಲ್ಲ. ಮೊದಲ ತಿರುವಿನಲ್ಲಿ ರೀಜನ್ ಹಿಡಿಯುತ್ತದೆಂದು ನಂಬಿ ಹೋಗಬೇಡಿ.

ಹೊರಡುವ ಮುನ್ನ ಐದು ನಿಮಿಷ

ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಮುಂದಿನದು ಎರಡು ಮೂರು ಸುತ್ತು ತಾನಾಗಿ ತಿರುಗಬೇಕು. ಶ್‌ ಶ್‌ ಎಂದು ಒಂದೇ ಜಾಗದಲ್ಲಿ ಉಜ್ಜಿದರೆ ಡಿಸ್ಕ್ ಬಾಗಿದೆ, ಸುತ್ತಲೂ ಹಿಡಿದರೆ ಕ್ಯಾಲಿಪರ್ ಪಿಸ್ಟನ್ ಮಣ್ಣು ತಿಂದು ಅಂಟಿಕೊಂಡಿದೆ. ಇಂಥ ಗಾಡಿಯಲ್ಲಿ ಹೊರಟರೆ ದಿನವಿಡೀ ಬ್ರೇಕ್ ಹಾಕಿಕೊಂಡೇ ಓಡಿಸಿದಂತೆ. ಟೈರಿನ ಗಾಳಿ, ಟ್ಯೂಬ್ ಇರುವ ಸಣ್ಣ ಗಾಡಿಗೆ 14–16 ಪಿಎಸ್‌ಐ. ಕೋಲಾರದ ಕಡೆಯಂಥ ಕಲ್ಲು ನೆಲಕ್ಕೆ 18, ಕೆಸರಿಗೆ 12. ಕಡಿಮೆ ಗಾಳಿಯಲ್ಲಿ ಕಲ್ಲಿಗೆ ಹೊಡೆದರೆ ಟ್ಯೂಬ್ ರಿಮ್ಮಿನ ನಡುವೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಚೈನ್ ಒಣಗಿ ಕೆಂಪಾಗಿದ್ದರೆ ಒರೆಸಿ ಎಣ್ಣೆ ಹಾಕಿ, ತೀರಾ ಬಿಗಿ ಮಾಡಬೇಡಿ.

ಶೇಕಡಾ 30 ತೋರಿಸುತ್ತಿದ್ದದ್ದು ದಿಢೀರನೆ ಆಫ್ ಆದರೆ

ಒಂದೋ ಒಂದು ಗುಂಪಿನ ಸೆಲ್ ಸೋತಿದೆ, ಇಲ್ಲವೇ ಕನೆಕ್ಟರ್ ಸಡಿಲ. ಕನೆಕ್ಟರ್ ಮೊದಲು ನೋಡಿ: ಏರು ಹತ್ತಿ ನಿಂತ ಕೂಡಲೇ ಗಾಡಿ ಆಫ್ ಮಾಡಿ, ಪ್ಲಗ್‌ನ ಎರಡೂ ಬದಿಯ ಹೊರಕವಚ ಮುಟ್ಟಿ. ಒಂದು ಮಾತ್ರ ಬಿಸಿಯಿದ್ದರೆ, ಪ್ಲಾಸ್ಟಿಕ್ ಕಂದು ತಿರುಗಿದ್ದರೆ ಅದೇ ತಪ್ಪು, ಬದಲಿಸಿ. ಅದು ಸರಿಯಿದ್ದರೆ ಪೂರ್ತಿ ಚಾರ್ಜ್ ಮಾಡಿ ಚಾರ್ಜರ್ ಹಸಿರಾದ ಮೇಲೂ ಎರಡು ಮೂರು ಗಂಟೆ ಕಣ್ಣಳತೆಯಲ್ಲಿ ಬಿಡಿ. ಬಹಳಷ್ಟು ಬಿಎಂಎಸ್‌ಗಳು ಸೆಲ್‌ಗಳನ್ನು ಸಮ ಮಾಡುವುದು ತುದಿಯಲ್ಲೇ, ಯಾವಾಗಲೂ 80ಕ್ಕೆ ನಿಲ್ಲಿಸುವವರ ಪ್ಯಾಕ್ ಹೀಗೆ ಏರುಪೇರಾಗುತ್ತದೆ. ಆಮೇಲೂ ಹಾಗೇ ಆದರೆ ಪ್ಯಾಕ್ ಬಿಚ್ಚುವ ಕೆಲಸ, ಅದು ಗೊತ್ತಿದ್ದವರ ಕೈಗೆ ಹೋಗಲಿ.

ಕೈಗೆ ಸುಡುವಷ್ಟು ಬಿಸಿಯಿದ್ದಾಗ ಚಾರ್ಜಿಗೆ ಹಾಕಬೇಡಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಶೇಕಡಾ 50–60 ಚಾರ್ಜಿನಲ್ಲಿ ಇಡಿ. ಬಿಸಿಲಲ್ಲಿ ಕಾರಿನೊಳಗಂತೂ ಇಡಲೇಬೇಡಿ.

ಇಷ್ಟಾದರೂ ದಾರಿಯಲ್ಲಿ ಪೂರ್ತಿ ಖಾಲಿಯಾದರೆ? ಹತ್ತು ನಿಮಿಷ ಬಿಟ್ಟರೆ ವೋಲ್ಟೇಜ್ ಸ್ವಲ್ಪ ಏರಿ ಗಾಡಿ ಆನ್ ಆಗಬಹುದು. ಈಕೋದಲ್ಲಿ, ಗಾಡಿಯಿಂದ ಇಳಿದು ಪಕ್ಕದಲ್ಲಿ ನಡೆಯುತ್ತ ಆಕ್ಸಿಲರೇಟರ್ ಚೂರೇ ಕೊಟ್ಟು ಏರು ದಾಟಿಸಿ. ಅದೂ ಮುಗಿದರೆ ತಳ್ಳುವುದೇ ಗತಿ. ಕ್ಲಚ್ ಇಲ್ಲದ ಗಾಡಿಯಾದ್ದರಿಂದ ಮೋಟಾರೂ ಜತೆಗೆ ತಿರುಗುತ್ತದೆ, ಭಾರ ಅನ್ನಿಸುತ್ತದೆ. ಚೈನಿನ ಜೋಡು ಲಿಂಕ್ ಬಿಚ್ಚಿ ಚೈನ್ ತೆಗೆದುಬಿಟ್ಟರೆ ಹಿಂಚಕ್ರ ಸೈಕಲ್ಲಿನಷ್ಟು ಸಲೀಸು. ಅದಕ್ಕೆ ಬೇಕಾದ ಸಣ್ಣ ಪ್ಲೈಯರ್ ಬ್ಯಾಗಿನಲ್ಲಿರಲಿ, ಲಿಂಕಿನ ಕ್ಲಿಪ್ ಎರಡು ಇಟ್ಟುಕೊಳ್ಳಿ, ಒಂದು ತರಗೆಲೆಯಲ್ಲಿ ಹಾರಿ ಹೋಗುವುದು ಖಂಡಿತ.